ನಿಲುಗಲ್ಲಿನ ಜಾಗ

ನಮ್ಮೂರಲ್ಲಿ ಗಾಡಿ ನಿಲ್ಲಿಸಿ ಹೋದರೆ, ತಿರುಗಿ ಬರುವಷ್ಟರಲ್ಲಿ ಅದು ನಿಲ್ಲಿಸಿದಲ್ಲಿ ಇರುವುದಿಲ್ಲ. ಸಂತೆಯ ಬಯಲಲ್ಲಿ ಬಿಟ್ಟ ಸೈಕಲ್ಲು ಮಧ್ಯಾಹ್ನಕ್ಕೆ ಕುಂಬಾರ ಓಣಿ ದಾಟಿರುತ್ತದೆ, ಸಂಜೆಗೆ ಇಟ್ಟಿಗೆ ಭಟ್ಟಿಯ ಆಚೆ ಬಾರಿಹಣ್ಣಿನ ಗಿಡದ ಕೆಳಗೆ ಸಿಗುತ್ತದೆ. ಗಾಲಿ ಉರುಳಿದ ಗುರುತು ಇರುವುದಿಲ್ಲ, ಹೋಗುವುದನ್ನು ಕಂಡವರೂ ಇರುವುದಿಲ್ಲ. ಸರಪಳಿ ಹಾಕಿ ಗಿಡಕ್ಕೆ ಬಿಗಿದರೆ ಸರಪಳಿ ಗಿಡದಲ್ಲಿ ಉಳಿಯುತ್ತದೆ. ಹೊರಗಿನಿಂದ ಬಂದವರು ಕಳ್ಳರ ಊರೆಂದು ಬೈಯುತ್ತಾರೆ. ನಮಗೆ ಮಾತ್ರ ಇದು ಬಿಸಿಲು ಬಂದ ಹಾಗೆ, ನೆರಳು ಸರಿದ ಹಾಗೆ. ಸಂತೆ ಮುಗಿಸಿದವರು ಚೀಲ ಹೆಗಲಿಗೇರಿಸಿ ಗಾಡಿ ಹುಡುಕಲು ಹೊರಡುತ್ತಾರೆ. ಆ ದಾರಿಯಲ್ಲೇ ಹೆಣ್ಣು ಗಂಡಿನ ಮಾತು ಕೂಡುವುದು, ಮುರಿದ ಗೆಳೆತನ ಮತ್ತೆ ಹತ್ತುವುದು, ಸೊಸೆಯಂದಿರು ಅತ್ತೆಯಂದಿರ ಸುದ್ದಿ ಹೇಳಿಕೊಂಡು ಹಗುರಾಗುವುದು. ಸಂಬಂಧ ನೋಡಲು ಹೋದ ಹಿರಿಯರು ಹುಡುಗನ ಗಾಡಿ ಎಷ್ಟು ದೂರ ಹೋಗುತ್ತದೆಂದು ಕೇಳಿಯೇ ಕೇಳುತ್ತಾರೆ. ಹತ್ತಿರದಲ್ಲಿ ಸಿಗುವಂಥದ್ದಾದರೆ ಹುಡುಗ ಮನೆವಂತನೆಂದು ಅವರ ನಂಬಿಕೆ.

ಸರಿಯದ ಜಾಗ ಊರಿಗೆಲ್ಲ ಒಂದೇ. ಸಂತೆಯ ಬಯಲಿಗೆ ಅಂಟಿಕೊಂಡ ನಿಂತವ್ವನ ಗುಡಿ, ಅದರ ಮುಂದಿನ ಕರಿ ಹಾಸುಗಲ್ಲು. ಅದನ್ನು ನಿಲುಗಲ್ಲು ಎನ್ನುತ್ತೇವೆ. ಅದರ ಮೇಲೆ ಬಿಟ್ಟದ್ದು ಎಷ್ಟು ಹೊತ್ತಾದರೂ ಅಲ್ಲೇ ಇರುತ್ತದೆ. ತಾಯಿಯ ಕೃಪೆ ದೊಡ್ಡದು, ಆದರೆ ಕಲ್ಲು ಸಣ್ಣದು. ಒತ್ತಿ ನಿಲ್ಲಿಸಿದರೂ ಬೆರಳೆಣಿಕೆಯ ಗಾಡಿಗಳು ಹಿಡಿದಾವು. ಅದಕ್ಕೇ ಹಿಂದಿನವರು ಒಂದು ಕಟ್ಟುಪಾಡು ಮಾಡಿದರು. ಗಾಡಿ ಹುಡುಕಿಕೊಂಡು ನಡೆಯಲಾಗದವರಿಗೆ ಮಾತ್ರ ಆ ಕಲ್ಲು. ಅಂಥವರ ಗಾಡಿಯ ಹಿಡಿಕೆಗೆ ಗುಡಿಯ ಹಿರಿಯನು ತಾಮ್ರದ ಎಲೆಯೊಂದನ್ನು ಕಟ್ಟುತ್ತಾನೆ. ಎಲೆ ಇದ್ದವರಿಗೆ ಕಲ್ಲು, ಇಲ್ಲದವರಿಗೆ ದಾರಿ.

ನಾನು ಕಸ್ತೂರೆವ್ವ, ಬಳೆಗಾರರ ಮನೆಗೆ ಸೊಸೆಯಾಗಿ ಬಂದವಳು. ನನ್ನ ಅತ್ತೆ ಬಾಳವ್ವ ಹೆಗಲ ಮೇಲೆ ಬಳೆಯ ಮಲಾರ ಹೊತ್ತು ಓಣಿ ಓಣಿ ತಿರುಗಿದವಳು. ನನ್ನ ಕಾಲಕ್ಕೆ ಮಲಾರ ಹೋಗಿ ಸ್ಕೂಟರಿನ ಹಿಂದೆ ಕಟ್ಟಿದ ಪೆಟ್ಟಿಗೆ ಬಂತು. ಸಂತೆಯ ದಿನ ಗುಡಿಯ ಮಗ್ಗುಲಲ್ಲಿ ಚಾಪೆ ಹಾಸಿ ಕೂತರೆ ಹೆಣ್ಣುಮಕ್ಕಳು ಸಾಲು ಹಿಡಿದು ಕೈ ಚಾಚುತ್ತಾರೆ. ಕೂತಲ್ಲೇ ಮಾಡುವ ಕೆಲಸ. ದೇವರು ನನಗೆ ನೋಡಿಯೇ ಕೊಟ್ಟದ್ದು ಅದು.

ಸಣ್ಣವಳಿದ್ದಾಗ ನನಗೆ ಗಂಟಲು ಬಾತು ಜ್ವರ ಬಂದಿತ್ತು. ಕೀಲು ಕೀಲು ಹಿಡಿದು ಬಹಳ ದಿನ ಕಾಡಿ ಆ ಜ್ವರ ಹೋಯಿತು. ಹೋಗುವಾಗ ಎದೆಯೊಳಗಿನ ಒಂದು ಬಾಗಿಲನ್ನು ಅರ್ಧ ಮುಚ್ಚಿಕೊಂಡು ಹೋಯಿತು. ದೊಡ್ಡ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ ಮಾತಿದು. ಮುಂದೊಂದು ದಿನ ಆಪರೇಷನ್ ಆಗಬೇಕು, ಅಲ್ಲಿಯ ತನಕ ಎದೆಯನ್ನು ಓಡಿಸಬೇಡ ಎಂದಿದ್ದಳು. ಆ ಬಾಗಿಲು ಬಿಗಿದಂತೆಲ್ಲ ಗಲ್ಲ ಕೆಂಪಾಗುತ್ತದಂತೆ. ಹಾಗಾಗಿ ನನ್ನ ಜಡ್ಡು ನನ್ನ ಮುಖದ ಮೇಲೆ ಕುಂಕುಮದ ಹಾಗೆ ಕೂತಿತ್ತು. ನೋಡಿದವರೆಲ್ಲ ಅದನ್ನು ಆರೋಗ್ಯ ಎಂದು ಓದಿದರು. ನಾನು ನಡೆಯಲಾರದವಳೂ ಅಲ್ಲ, ನಡೆಯಬಲ್ಲೆ. ನಡೆದ ಮೇಲೆ ಕೂತಲ್ಲಿಂದ ಏಳಲಾರೆ, ಮಲಗಿದರೆ ಉಸಿರು ಹಿಡಿಯುತ್ತದೆ, ಗೋಡೆಗೆ ಆತು ಕೂತೇ ರಾತ್ರಿಗಳನ್ನು ಕಳೆಯಬೇಕು. ಅದು ನಾಲ್ಕು ಗೋಡೆಯ ಒಳಗಿನ ಮಾತು. ಸಂತೆಯವರಿಗೆ ಕಾಣುವುದು ಬೆಳಿಗ್ಗೆ ಸ್ಕೂಟರಿನಿಂದ ಇಳಿಯುವ ಕೆಂಪು ಗಲ್ಲದ ಹೆಂಗಸು. ಸಂಜೆ ಗಂಡ ಗಾಡಿ ತಂದುಕೊಡಲಿ ಎಂದವರೂ ಇದ್ದಾರೆ. ನನ್ನ ಗಂಡ ದುಂಡಪ್ಪನಿಗೆ ಹಿಟ್ಟಿನ ಗಿರಣಿಯಲ್ಲಿ ಸಂತೆಯ ದಿನವೇ ಉಸಿರಾಡಲು ಬಿಡುವಿರುವುದಿಲ್ಲ. ಎಲೆ ಇದೆ ಎಂದೇ ನನ್ನ ಚಾಪೆ ಸಂತೆಯಲ್ಲಿತ್ತು.

ಹಿಂದೆಲ್ಲ ಯಾರೂ ಯಾರ ಎಲೆಯನ್ನೂ ಕೇಳುತ್ತಿರಲಿಲ್ಲ. ಕೇಳುವ ಹಾಗೆ ಮಾಡಿದವನು ಬೆಲ್ಲದ ಅಂಗಡಿಯ ಈರಪಾಕ್ಷಿ. ಅವನ ಮುಪ್ಪಿನ ತಾಯಿಗೆ ಎಲೆ ಇತ್ತು. ಆಕೆ ಮಗಳ ಊರಿಗೆ ಹೋದವಳು ಅಲ್ಲೇ ತೀರಿಕೊಂಡಳು, ಮಣ್ಣೂ ಅಲ್ಲೇ ಆಯಿತು. ಈರಪಾಕ್ಷಿ ಊರಲ್ಲಿ ಉಸಿರು ಬಿಡಲಿಲ್ಲ. ಗಾಡಿಯನ್ನು ನಿಲುಗಲ್ಲಿನ ಮೇಲೆ ಬಿಟ್ಟು, ತಾಯಿಯ ಶಾಲನ್ನು ಸೀಟಿನ ಮೇಲೆ ಹಾಸಿ, ಕೇಳಿದವರಿಗೆ "ಅವ್ವ ಗುಡಿಯೊಳಗ ಕುಂತಾಳ" ಎನ್ನುತ್ತಿದ್ದ. ಹೀಗೆ ತಿಂಗಳುಗಳು ಕಳೆದವು. ಕೊನೆಗೆ ತಾಯಿಯ ಮೇಲಿನ ಪ್ರೀತಿಯೇ ಅವನನ್ನು ಹಿಡಿದುಕೊಟ್ಟಿತು. ಅವಳ ವರ್ಷದ ಎಡೆಗೆ ಅವನೇ ಮನೆಮನೆಗೆ ಹೋಗಿ ಊರನ್ನು ಕರೆದ. ಹೋಳಿಗೆ ಉಂಡು ಕೈ ತೊಳೆಯುವಾಗ ಮಂದಿಗೆ ಹೊಳೆಯಿತು. ಅಂದಿನಿಂದ ಊರಿನ ಕಣ್ಣು ಬೇರೆಯಾಯಿತು. ಯಾರು ಹೇಗೆ ಇಳಿಯುತ್ತಾರೆ, ಯಾವ ಕಾಲು ಮುಂದೆ ಇಡುತ್ತಾರೆ ಎಂದು ನೋಡುತ್ತಾ ಕೂರುವುದೇ ಕೆಲವರಿಗೆ ಸಂತೆಯಾಯಿತು. ಮರೆತುಹೋಗಿದ್ದ ಹಳೆಯ ಕಟ್ಟೊಂದು ಎದ್ದು ಬಂತು. ಎಲೆಯವರ ಮೇಲೆ ಅನುಮಾನ ಇದ್ದವರು ಹಳ್ಳದ ಬಿಳಿ ಬೆಣಚುಕಲ್ಲೊಂದನ್ನು ಅವರ ಗಾಡಿಯ ಸೀಟಿನ ಮೇಲೆ ಇಡಬಹುದು. ಕಲ್ಲು ತುಂಬಿ ಕೂರಲು ಜಾಗವಿಲ್ಲದಂತಾದರೆ ಗಾಡಿಯವರು ದೇವಿಯ ಮುಂದೆ ನಡೆ ಕೊಡಬೇಕು.

ನನ್ನ ಸೀಟಿನ ಮೇಲೆ ಮೊದಲ ಕಲ್ಲು ಇಟ್ಟವಳು ರುದ್ರವ್ವ. ನನ್ನ ಚಾಪೆಯ ಎದುರಿಗೇ ಸೊಪ್ಪು ಮಾರುವವಳು. ಅವಳ ಗಂಡ ಸಿದ್ಲಿಂಗಪ್ಪ ಕಲ್ಲಿನ ಗಣಿಯಲ್ಲಿ ಬಲಗಾಲು ಕಳೆದುಕೊಂಡವನು, ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ಸೊಪ್ಪಿನ ಹೊರೆ ತರುತ್ತಾನೆ. ಕೂತವರಿರುವ ಗಾಡಿ ನಮ್ಮೂರಲ್ಲಿ ಸರಿಯುವುದಿಲ್ಲ, ಇಳಿದರೆ ಸರಿಯುತ್ತದೆ. ಈರಪಾಕ್ಷಿಯ ಜಾಗವೂ ಬೇರೊಬ್ಬರಿಗೆ ಹೋಗಿ ನಿಲುಗಲ್ಲು ತುಂಬಿದ್ದರಿಂದ ಅವನಿಗೆ ಎಲೆ ಸಿಕ್ಕಿರಲಿಲ್ಲ. ಬೆಳಿಗ್ಗೆ ಬಂದವನು ಸಂಜೆಯ ತನಕ ಬಿಸಿಲಲ್ಲಿ ಆ ಗಾಡಿಯ ಮೇಲೇ ಕೂತಿರುತ್ತಿದ್ದ. ನೀರು ಕುಡಿಯಲೂ ಹೆದರುತ್ತಿದ್ದ, ಕುಡಿದರೆ ಇಳಿಯಬೇಕಾಗುತ್ತದಲ್ಲ. ರುದ್ರವ್ವ ಅದನ್ನು ನೋಡುತ್ತಾ ಸೊಪ್ಪು ಮಾರುತ್ತಿದ್ದಳು, ಆಮೇಲೆ ನನ್ನ ಗಲ್ಲ ನೋಡುತ್ತಿದ್ದಳು.

ಅವಳು ಕದ್ದು ಇಡುವವಳಲ್ಲ. ಒಂದು ಸಂತೆಯ ಬೆಳಿಗ್ಗೆ ನಾನಿನ್ನೂ ಪೆಟ್ಟಿಗೆ ಇಳಿಸುತ್ತಿದ್ದೆ, ಬಂದು ನನ್ನೆದುರೇ ಸೀಟಿನ ಮೇಲೆ ಕಲ್ಲು ಇಟ್ಟಳು.

"ತಂಗಿ, ನಿನ್ನ ಮುಂದ ಇಡಾಕತ್ತೀನಿ, ಹಿಂದಿನಿಂದ ಅಲ್ಲ. ನಿನ್ನ ಮ್ಯಾಲ ನನಗ ಹಗೆ ಇಲ್ಲ. ಆದ್ರ ಗುಲಾಬಿ ಹೂವಿನಂಗ ಇದ್ದಾಕಿಗೆ ಕಲ್ಲು, ಕಾಲಿಲ್ಲದಾವಗ ಬಿಸಲು. ಇದು ಯಾವ ನ್ಯಾಯ ಹೇಳು."

"ರುದ್ರಕ್ಕ, ನನ್ನ ಎದಿ—"

"ಎದಿ ಎಲ್ಲಾರಿಗೂ ಐತಿ ತಂಗಿ."

ಅಷ್ಟು ಹೇಳಿ ಹೋಗಿ ಮೆಂತ್ಯದ ಕಟ್ಟಿಗೆ ನೀರು ಚಿಮುಕಿಸುತ್ತಾ ಕೂತಳು. ಒಂದು ಕಲ್ಲು ಬಿದ್ದ ಮೇಲೆ ಉಳಿದವು ಬರಲು ಎಷ್ಟು ಹೊತ್ತು. ಬಳೆ ಇಡಿಸಿಕೊಂಡು, ನನ್ನ ಮಕ್ಕಳ ಯೋಗಕ್ಷೇಮ ಕೇಳಿ, ಬೆಲೆಯಲ್ಲಿ ಎರಡು ರೂಪಾಯಿ ಬಿಡಿಸಿಕೊಂಡು ಹೋದವರೇ ಆ ಕಡೆ ಹೋಗಿ ಕಲ್ಲು ಇಟ್ಟಿರುತ್ತಿದ್ದರು. ಸಂಜೆ ಆದಂತೆ ನನ್ನ ಕೈ ಬಳೆಯ ಮೇಲಿರುತ್ತಿತ್ತು, ಜೀವ ಸೀಟಿನ ಮೇಲಿರುತ್ತಿತ್ತು. ಕೈ ಚಾಚಿದ ಹುಡುಗಿಯ ಮುಖ ನೋಡಿದರೆ ಇವಳೂ ಇಟ್ಟಿದ್ದಾಳೆಯೇ ಎಂಬ ಯೋಚನೆ. ಬಳೆ ಒಡೆಯತೊಡಗಿದವು. ಬಳೆಗಾರ್ತಿಯ ಕೈಯಲ್ಲಿ ಬಳೆ ಒಡೆಯಬಾರದು. ಒಡೆದರೆ ಗಿರಾಕಿ ಅಪಶಕುನ ಎಂದು ಎದ್ದು ಹೋಗುತ್ತಾಳೆ. ಎದ್ದೂ ಹೋದರು.

ಸೀಟು ತುಂಬಿದ ದಿನ ಗುಡಿಯ ಹಿರಿಯ ಪರಪ್ಪಜ್ಜ ಬಂದು ನಿಂತ. ನನ್ನ ಎಲೆಯನ್ನು ಕಟ್ಟಿದವನೂ ಅವನೇ. "ಯವ್ವಾ, ಅಮಾಸಿ ದಿನ ನಡಿ ಕೊಡಬೇಕಾಗತೈತಿ" ಎಂದ. ನನ್ನ ಮುಖ ನೋಡದೆ ಗುಡಿಯ ಗಂಟೆಯ ಕಡೆ ನೋಡುತ್ತಾ ಹೇಳಿದ.

ನಡೆ ಎಂದರೆ ಇಷ್ಟು. ಅಮಾವಾಸ್ಯೆಯ ಬೆಳಿಗ್ಗೆ ಎಲೆ ಬಿಚ್ಚಿಟ್ಟುಕೊಂಡು ಗಾಡಿಯನ್ನು ನಿಲುಗಲ್ಲಿನಿಂದ ಇಳಿಸಿ ಬಯಲಲ್ಲಿ ಬಿಡುತ್ತಾರೆ. ಮಧ್ಯಾಹ್ನ ದಾಟಿದ ಮೇಲೆ, ಕೂಡಿದ ಊರಿನ ಎದುರು ಹೊರಟು ಅದನ್ನು ಹುಡುಕಬೇಕು. ತರಲಾಗದೆ ಅರ್ಧ ದಾರಿಯಲ್ಲಿ ಕೂತರೆ ಎಲೆ ಉಳಿಯಿತು. ಗಾಡಿ ತಂದು ನಿಲ್ಲಿಸಿದರೆ ಎಲೆ ಹೋಯಿತು. ಮೊದಲ ಕಲ್ಲು ಇಟ್ಟವರು ಜೊತೆಗೆ ನಡೆದು, ಕಂಡದ್ದನ್ನು ದೇವಿಯ ಮುಂದೆ ಹೇಳಬೇಕು. ಎಲೆ ಹೋದರೆ ಚಾಪೆ ಹೋದ ಹಾಗೆಯೇ. ಪ್ರತಿ ಸಂತೆಯ ಸಂಜೆ ಆ ದಾರಿ ನಡೆದರೆ ಎಷ್ಟು ಸಂತೆ ಬದುಕಿರುತ್ತೇನೆಂದು ಡಾಕ್ಟರಮ್ಮನನ್ನು ಕೇಳುವ ಧೈರ್ಯ ನನಗಿರಲಿಲ್ಲ.

ಬಾಳವ್ವ ಅದನ್ನು ಕೇಳಿದಳು. ಸೆರಗು ಸೊಂಟಕ್ಕೆ ಸಿಗಿಸಿ ಎದ್ದು ನಿಂತಳು.

"ಕುಂಟಾಕ ಬರತೈತೇನು ನಿನಗ?"

"ಅತ್ತಿ, ಕಾಲಿಗೆ ಏನಾಗೇತಿ ನನಗ?"

"ಕಾಲಿಗೆ ಏನೂ ಆಗಿಲ್ಲಂತನೇ ಈ ಕತಿ ಬಂದದ್ದು. ನಿನ್ನ ಎದಿ ದೇವರಿಗೆ ಗೊತ್ತೈತಿ. ದೇವರಿಗೆ ಗೊತ್ತಿದ್ದದ್ದನ್ನ ಮಂದಿಗೆ ತಿಳಿಯೂಹಂಗ ಹೇಳಬೇಕವ್ವ. ಮಂದಿಗೆ ಕಾಲಿನ ಭಾಷಾ ಅಷ್ಟ ಬರತೈತಿ. ನೋಡಿಲ್ಲಿ."

ಹಿತ್ತಲಲ್ಲಿ ಅವಳು ಕುಂಟಿ ತೋರಿಸಿದಳು. ಎಡಗಾಲನ್ನು ಎಳೆದು, ಸೊಂಟಕ್ಕೆ ಕೈ ಕೊಟ್ಟು, ಹೆಜ್ಜೆಗೊಮ್ಮೆ "ಯವ್ವಾ" ಎಂದು ನರಳಿ, ಬಟ್ಟೆ ಒಗೆಯುವ ಕಲ್ಲಿನಿಂದ ಬದನೆ ಮಡಿಯ ತನಕ ಹೋಗಿ ಬಂದಳು. ಎಷ್ಟು ಚೆನ್ನಾಗಿ ಕುಂಟಿದಳೆಂದರೆ ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ, "ಬಾಳಕ್ಕಾ, ಎಲ್ಲಿ ಬಿದ್ದಿರಿ? ಬೇವಿನೆಣ್ಣಿ ಕೊಡ್ಲೇನು?" ಎಂದು ಕೇಳಿದಳು. ಬಾಳವ್ವ ತಟ್ಟನೆ ನೆಟ್ಟಗಾಗಿ, "ಕೊಡು, ಮನಿಯಾಗ ಮುಗದೈತಿ" ಎಂದು ಬಟ್ಟಲು ಚಾಚಿದಳು. ಗಿರಣಿಯಿಂದ ಬಂದ ದುಂಡಪ್ಪ ಹಿಟ್ಟಿನ ಮೈಯಲ್ಲೇ ಕೂತು ನಕ್ಕ. ನಗು ಮುಗಿದ ಮೇಲೆ ನನ್ನನ್ನು ನೋಡಿ, "ಕುಂಬಾರ ಓಣಿ ಬೇವಿನ ಗಿಡದ ತನಕ ಕುಂಟಿ ಕುಂತುಬಿಡು. ಅಷ್ಟ ಸಾಕು" ಎಂದ. 

ಅಮಾವಾಸ್ಯೆಯ ತನಕ ನನ್ನ ದೇಹ ನನ್ನದಾಗಿ ಉಳಿಯಲಿಲ್ಲ. ಕುಂಟುವುದನ್ನು ಕಲಿಯುವಾಗಲೇ ಎದೆ ಹಾರುತ್ತಿತ್ತು. ನಿಜವಾದ ಜಡ್ಡು ಸುಮ್ಮನೆ ಒಳಗೆ ಕೂತು, ನಾನು ಸುಳ್ಳು ಜಡ್ಡನ್ನು ಅಭ್ಯಾಸ ಮಾಡುವುದನ್ನು ನೋಡುತ್ತಿತ್ತು. ದೇವರ ಜಗಲಿಯ ದೀಪ ಹಚ್ಚುವಾಗ ಕೈ ಮುಗಿಯಲೂ ಸಂಕೋಚವಾಗುತ್ತಿತ್ತು. ತಾಯಿ, ಇದ್ದದ್ದನ್ನು ಇದ್ದ ಹಾಗೆ ತೋರಿಸುವ ಒಂದು ಗಾಯವನ್ನಾದರೂ ಕೊಡಬಾರದಿತ್ತೇ ಎಂದು ಕೇಳಿದೆ. ಕೇಳಿದ ಮೇಲೆ ಹೆದರಿಕೆಯಾಗಿ ಗಲ್ಲ ಗಲ್ಲ ಬಡಿದುಕೊಂಡೆ. ದೇವರು ಅಂಥ ಬೇಡಿಕೆಗಳನ್ನು ಕೇಳಿಸಿಕೊಂಡುಬಿಟ್ಟರೆ ಕಷ್ಟ.

ಆ ದಿನ ಬಯಲು ತುಂಬಿತ್ತು. ನಡೆಯ ದಿನ ಯಾರೂ ಗಾಡಿಯ ಮೇಲೆ ಕೂರುವಂತಿಲ್ಲ, ದೇವಿಯ ಎದುರು ಎಲ್ಲರೂ ನೆಲಕ್ಕೇ ಕೂರಬೇಕು. ಸಿದ್ಲಿಂಗಪ್ಪನೂ ಇಳಿದು, ಬಡಿಗೆಯನ್ನು ಮಗ್ಗುಲಿಗಿಟ್ಟುಕೊಂಡು ಗುಡಿಯ ಮೆಟ್ಟಿಲಿಗೆ ಒರಗಿದ್ದ. ಪರಪ್ಪಜ್ಜ ನನ್ನ ಹಣೆಗೆ ಭಂಡಾರ ಹಚ್ಚಿದ. ರುದ್ರವ್ವ ಸೀರೆಯ ನಿರಿಗೆಯನ್ನು ಮೇಲೆತ್ತಿ ಸಿಗಿಸಿಕೊಂಡು ನನ್ನ ಎಡಕ್ಕೆ ಬಂದು ನಿಂತಳು. ಹೊರಟೆವು.

ಕುಂಟಿದೆ. ಹೆಂಗಸರ ಸಾಲಿನಲ್ಲಿ ಯಾರೋ "ಪಾಪ" ಎಂದರು, ಯಾರೋ "ನಿನ್ನೆ ನೆಟ್ಟಗಿದ್ಲಲ್ಲ" ಎಂದರು. ಬಾಳವ್ವ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದುದು ಕಂಡಿತು. ಕುಂಬಾರ ಓಣಿಯ ತಿರುವು ದಾಟಿ, ಮಂದಿ ಮರೆಯಾದ ಮೇಲೂ ನಾನು ಕುಂಟುತ್ತಲೇ ಇದ್ದೆ. ಬೇವಿನ ಗಿಡ ಎದುರಿಗೇ ಕಾಣುತ್ತಿತ್ತು.

"ತಂಗಿ" ಎಂದಳು ರುದ್ರವ್ವ, ಮೆಂತ್ಯದ ಬೆಲೆ ಹೇಳುವ ದನಿಯಲ್ಲೇ. "ಗುಡಿ ಮುಂದ ಎಡಗಾಲು ಕುಂಟತಿತ್ತು. ಈಗ ಬಲಗಾಲು ಕುಂಟಾಕತ್ತೈತಿ. ನಡುವ ಎಲ್ಯರ ಬದಲಿ ಮಾಡಿದೇನು?"

ನಾನು ನಿಂತುಬಿಟ್ಟೆ. ನಾಚಿಕೆ ಕಾಲಿನಿಂದ ತಲೆಯ ತನಕ ಏರಿತು, ಗಲ್ಲ ಇನ್ನಷ್ಟು ಕೆಂಪಾಗಿರಬೇಕು.

"ಅಂದ್ರ ಎಲ್ಲಾ ಸುಳ್ಳು" ಎಂದಳು.

"ಕಾಲು ಸುಳ್ಳು ಅಕ್ಕ. ಎದಿ ಖರೇ."

"ಹ್ಯಾಂಗ ನಂಬ್ಲಿ?"

ಗಿಡದ ಕೆಳಗೆ ಕೂತುಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಕೂತಿದ್ದರೆ ಎಲೆಯೂ ಉಳಿಯುತ್ತಿತ್ತೇನೋ. ಆದರೆ ಅವಳು ಹಾಗೆ ಕೇಳಿದ ಮೇಲೆ ನನ್ನೊಳಗೆ ಯಾವುದೋ ಹಟ ಎದ್ದಿತು. ಇಷ್ಟು ದಿನ ಎಲ್ಲರೂ ನನ್ನ ನಡಿಗೆ ನೋಡಿದ್ದರು. ನಡಿಗೆಯ ಆಚೆಗಿನದನ್ನು ಒಬ್ಬರಾದರೂ ನೋಡಲಿ ಎನಿಸಿತು. "ನಡ್ಯಾಕ ನನಗ ಬರತೈತಿ. ನಡದ ಮ್ಯಾಲ ಏನಾಗತೈತಿ ಅದನ್ನ ನೋಡು ಬಾ" ಎಂದು ನೆಟ್ಟಗೆ ಹೆಜ್ಜೆ ಹಾಕಿದೆ. ಅವಳು ಹಿಂದೆ ಬಂದಳು. ಕುಂಬಾರರು ಮಡಕೆ ಸುಡುವ ಆವಿಗೆ ಹಿಂದೆ ಹೋಯಿತು, ಹುಣಸೆತೋಪೂ ಹಿಂದೆ ಹೋಯಿತು. ಸ್ಕೂಟರು ಅಂದು ಇಟ್ಟಿಗೆ ಭಟ್ಟಿಯನ್ನೂ ಬಿಟ್ಟು ಹಳ್ಳದ ದಂಡೆಗೆ ಹೋಗಿ ನಿಂತಿತ್ತು. ತೋಪಿನ ಹತ್ತಿರ ಮಾತು ನಿಂತಿತು, ಏಕೆಂದರೆ ಮಾತಿಗೆ ಬೇಕಾದ ಉಸಿರು ನನ್ನ ಹತ್ತಿರ ಇರಲಿಲ್ಲ. ಭಟ್ಟಿಯ ಹತ್ತಿರ ಕಣ್ಣಿನ ಅಂಚು ಕಪ್ಪಾಯಿತು. ಎದೆ ಬಡಿಯುತ್ತಿರಲಿಲ್ಲ, ಬಲೆಗೆ ಬಿದ್ದ ಹಕ್ಕಿಯ ಹಾಗೆ ಒದ್ದಾಡುತ್ತಿತ್ತು. ನಿಂತವ್ವಾ, ನಿಂತವ್ವಾ ಎನ್ನುತ್ತಾ ಹೋದೆ. ಆ ಹೆಸರಿಗೂ ಕೊನೆಕೊನೆಗೆ ಒಂದೊಂದೇ ಅಕ್ಷರ ಸಿಗುತ್ತಿತ್ತು.

ಸ್ಕೂಟರಿನ ಹತ್ತಿರ ಹೋಗಿ ಮರಳಿನ ಮೇಲೆ ಕುಸಿದೆ. ಎಬ್ಬಿಸಲೆಂದು ರುದ್ರವ್ವ ನನ್ನ ಮಣಿಕಟ್ಟು ಹಿಡಿದಳು. ಹಿಡಿದವಳು ಎತ್ತಲಿಲ್ಲ, ಬಿಡಲೂ ಇಲ್ಲ. ಹಾಗೇ ಬಗ್ಗಿ ನಿಂತಳು. ನನ್ನ ಕೈಯ ಗಾಜಿನ ಬಳೆಗಳು ಒಂದಕ್ಕೊಂದು ತಾಗಿ ತಾವೇ ಕಿಣಿಕಿಣಿ ಎನ್ನುತ್ತಿದ್ದವು. ನಾನು ಕೈ ಅಲ್ಲಾಡಿಸುತ್ತಿರಲಿಲ್ಲ.

"ಇದೇನ್ ತಂಗಿ" ಎಂದಳು ಮೆಲ್ಲಗೆ. "ಇದು ಯಾವಾಗ ನಿಲ್ಲತೈತಿ?"

"ನಿಲ್ಲತೈತಿ. ತಡಾ ಆಗತೈತಿ."

"ನಿಲ್ಲದಿದ್ರ?"

  ಅವಳು ಸೆರಗಿನ ತುದಿಯನ್ನು ಹಳ್ಳದ ನೀರಲ್ಲಿ ಅದ್ದಿ ನನ್ನ ಮುಖ ಒರೆಸಿದಳು. ಒರೆಸಿದರೆ ಗಲ್ಲದ ಕೆಂಪು ಹೋದೀತೇನೋ ಎಂಬಂತೆ ಎರಡು ಸಲ ಉಜ್ಜಿದಳು. ಸ್ವಲ್ಪ ಹೊತ್ತಾದ ಮೇಲೆ ಕಲ್ಲೊಂದರ ಮೇಲೆ ಕೂತು ಹೇಳಿದಳು, "ನೋಡು, ನಾ ಸುಳ್ಳು ಹೇಳಾಕಿ ಅಲ್ಲ. ಕಂಡದ್ದು ಕಂಡಂಗ ಹೇಳತೀನಿ. ನೀ ಕುಂಟಿದ್ದೂ ಹೇಳತೀನಿ."

"ಹೇಳಕ್ಕ."

"ನನ್ನ ಗಂಡ ಬಿಸಲಾಗ ಕುಂತಾನ."

"ಗೊತ್ತೈತಕ್ಕ."

ಅವಳು ಹಿಂದಿನ ಸೀಟಿನಲ್ಲಿ ಕೂತಳು, ನಾನು ಗಾಡಿ ಓಡಿಸಿದೆ. ಬಯಲಿಗೆ ಬಂದು ನಿಲುಗಲ್ಲಿನ ಮೇಲೆ ಗಾಡಿ ನಿಲ್ಲಿಸಿದಾಗ ಗುಂಪಿನಿಂದ ದೊಡ್ಡದೊಂದು ಉಸಿರು ಹೊರಟಿತು. ಗಾಡಿ ಬಂದಿತ್ತು. ದುಂಡಪ್ಪ ತಲೆ ತಗ್ಗಿಸಿದ. ಬಾಳವ್ವ ಮಾತ್ರ ನನ್ನ ತುಟಿಯ ಬಣ್ಣ ನೋಡಿ ಎದ್ದು ಓಡಿ ಬರಹೋದಳು. ಪರಪ್ಪಜ್ಜ ಕೈ ಅಡ್ಡ ಹಿಡಿದ. "ನಡಿ ಮುಗಿಯೂತನಕ ಯಾರೂ ಏಳೂಹಂಗಿಲ್ಲ ಬಾಳವ್ವ." ಆಮೇಲೆ ರುದ್ರವ್ವನ ಕಡೆ ತಿರುಗಿ, "ತಾಯಿ ಮುಂದ ನಿಂತು ಹೇಳವ್ವ. ಏನ್ ಕಂಡಿ?" ಎಂದ.

ರುದ್ರವ್ವ ನನ್ನ ಮಣಿಕಟ್ಟನ್ನು ಹಿಡಿದುಕೊಂಡೇ ಇದ್ದಳು.

"ಕುಂಟಿದ್ದು ನಾಟಕ. ಇಲ್ಲಿ ಎಡಗಾಲು, ಓಣಿ ದಾಟಿದ ಮ್ಯಾಲ ಬಲಗಾಲು" ಎಂದಳು. ಗುಂಪಿನಲ್ಲಿ ಗುಜುಗುಜು ಎದ್ದಿತು. ಯಾರೋ, "ಸುಳ್ಳಿನಾಗ ಈರಪಾಕ್ಷಿನ ತಂಗಿ ಈಕಿ" ಎಂದರು. ನನಗೆ ನೆಲ ಬಾಯ್ಬಿಡಬಾರದೇ ಎನಿಸಿತು. ಅವಳು ಗುಜುಗುಜು ಇಳಿಯುವ ತನಕ ಕಾದಳು. "ಹಳ್ಳದ ತನಕ ನಡದ್ಲು, ಅದು ಖರೇ. ಗಾಡಿ ತಂದ್ಲು, ಅದೂ ಖರೇ. 'ಏನ್ ಕಂಡಿ' ಅಂತ ಕೇಳಿದ್ರ ನಾ ಕಂಡದ್ದು ಇಷ್ಟ."

"ಹಂಗಾದ್ರ ಮುಗೀತು" ಎಂದ ಮುಂದೆ ಕೂತಿದ್ದ ಒಬ್ಬ, ಧೋತರ ಜಾಡಿಸಿ ಏಳುತ್ತಾ.

"ಕೂಡೋ ಕಾಕಾ" ಎಂದಳು ರುದ್ರವ್ವ. "ನಡಿ ಮುಗಿಯೂತನಕ ಏಳಬಾರದಂತ ಅಜ್ಜ ಅಂದ. ಇನ್ನಾ ಮುಗದಿಲ್ಲ. ಈಕಿ ಇನ್ನಾ ನಡಿಯಾಕತ್ತಾಳ. ಸುಮ್ನ ಕುಂತು ಕೇಳ್ರಿ."

ಅವಳು ನನ್ನ ಕೈಯನ್ನು ಎತ್ತಿ ಹಿಡಿದಳು. ಬಯಲು ಮೆಲ್ಲಗೆ ಸದ್ದಡಗಿತು. ಆ ಮೌನದಲ್ಲಿ ನನ್ನ ಬಳೆಗಳ ಕಿಣಿಕಿಣಿ ಮುಂದಿನ ಸಾಲುಗಳಿಗೆ ಕೇಳಿಸಿತು. ಹಿಂದೆ ಕೂತವರಿಗೆ ಕೇಳಿಸಲಿಲ್ಲ. ಅವರು ಮುಂದಿನವರ ಮುಖ ನೋಡಿ ನಂಬಬೇಕಾಯಿತು. ಕೆಲವರು ನಂಬಿದರು, ಕೆಲವರು ಕತ್ತು ಚಾಚಿದರು.

ಕಾಯುವುದು ಶುರುವಾಯಿತು. ಆಗ ಒಬ್ಬೊಬ್ಬರಿಗೂ ತಮ್ಮ ತಮ್ಮ ಗಾಡಿಯ ನೆನಪಾಯಿತು. ಬಯಲ ಸುತ್ತ ಬಿಟ್ಟ ಸೈಕಲ್ಲು, ಬೈಕು, ಎತ್ತು ಬಿಚ್ಚಿದ ಚಕ್ಕಡಿ ಎಲ್ಲವೂ ಸರಿಯುತ್ತಿದ್ದವು. ಕೂತಷ್ಟೂ ದಾರಿ ಬೆಳೆಯುತ್ತಿತ್ತು.

"ನನ್ನ ಚಕ್ಕಡಿ ಇಷ್ಟೊತ್ತಿಗೆ ಮಾವನ ಊರು ಮುಟ್ಟಿರತೈತಿ" ಎಂದ ಒಬ್ಬ.

"ಮುಟ್ಲಿ ಬಿಡು. ನೀ ಹ್ವಾದ್ರ ಮಾವ ಬಾಗಲಾ ಹಾಕ್ಕೋತಾನ, ಚಕ್ಕಡಿಗರ ನೀರು ಕೊಟ್ಟಾನು."

ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ. ಬಿಸಿಲು ಗುಡಿಯ ಕಳಸಕ್ಕೆ ಏರಿತು, ಅಲ್ಲಿಂದಲೂ ಜಾರಿತು. ಮಕ್ಕಳು ಹಸಿವೆಂದು ರಗಳೆ ತೆಗೆದವು. ನಾನು ಎದೆಗೆ ನಿಲ್ಲು ಎಂದು ಬೇಡಿಕೊಳ್ಳುತ್ತಿದ್ದೆ. ಬೇಡಿದಷ್ಟೂ ಅದು ಹೆದರುತ್ತಿತ್ತು. ಇಷ್ಟು ಜನರ ದಾರಿಯನ್ನು ಉದ್ದ ಮಾಡುತ್ತಿದ್ದೇನೆಂಬ ಸಂಕಟ ಬೇರೆ. ಗುಂಪಿನಿಂದ ಒಬ್ಬ ಮುದುಕಿ ಕೂಗಿ ಕೇಳಿದಳು, "ಎಷ್ಟೊತ್ತವ್ವ ಇದು? ದಿನಾ ಹಿಂಗೇನು?" "ನಡದ ದಿನ ಹಿಂಗ ಅಮ್ಮ. ಮರುದಿನಾನೂ" ಎಂದೆ.  ಅವಳು ನನ್ನ ಸೀಟಿನ ಮೇಲೆ ಕಲ್ಲು ಇಟ್ಟಿದ್ದಳೋ ಇಲ್ಲವೋ ತಿಳಿಯದು. ಸೆರಗು ಹೊದ್ದು ಸರಿಯಾಗಿ ಕೂತಳು, ಕಾಯಲು ಕೂತವರ ಹಾಗೆ.

ದೀಪ ಹಚ್ಚುವ ಹೊತ್ತಾಯಿತು. ಬಳೆಯ ಸದ್ದು ಈಗ ಇತ್ತೋ ಇಲ್ಲವೋ ಎಂಬಷ್ಟು ಸಣ್ಣದಾಗಿತ್ತು. ನನಗೇ ಕೇಳಿಸುತ್ತಿರಲಿಲ್ಲ. ಪರಪ್ಪಜ್ಜ ಕೇಳಿದ, "ರುದ್ರವ್ವ, ಮುಗೀತೇನು?"

ಹೂಂ ಎಂದಿದ್ದರೆ ಯಾರೂ ಅವಳನ್ನು ತಪ್ಪೆನ್ನುತ್ತಿರಲಿಲ್ಲ. ನನ್ನ ಕೈ ಅವಳೊಬ್ಬಳ ಕೈಯಲ್ಲೇ ಇತ್ತು. ಅವಳು ಮೆಟ್ಟಿಲ ಕಡೆ ನೋಡಿದಳು. ಸಿದ್ಲಿಂಗಪ್ಪ ಬಡಿಗೆಯ ಮೇಲೆ ಗಲ್ಲ ಊರಿ ಅವಳನ್ನೇ ನೋಡುತ್ತಿದ್ದ. ಅವನು ಕಣ್ಣು ಸನ್ನೆ ಮಾಡಲಿಲ್ಲ, ತಲೆಯನ್ನೂ ಆಡಿಸಲಿಲ್ಲ. ನನ್ನ ಮಣಿಕಟ್ಟಿನ ಮೇಲೆ ಅವಳ ಬೆರಳು ಬಿಗಿಯಾಯಿತು.

"ಇಲ್ಲಜ್ಜ" ಎಂದಳು. "ಇನ್ನಾ ನಡದಾಳ."

ಪರಪ್ಪಜ್ಜ ಎದ್ದು ಬಂದು ತಾನೂ ನನ್ನ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟ. ಬಹಳ ಹೊತ್ತು ಹಾಗೇ ನಿಂತಿದ್ದ. ಆಮೇಲೆ ಊರಿಗೆ ಕೇಳುವ ಹಾಗೆ ಹೇಳಿದ, "ಗಾಡಿ ಬಂದೈತಿ. ಈಕಿ ಇನ್ನಾ ಬಂದಿಲ್ಲ. ಎಲಿ ಇರ್ಲಿ." ಹಿಂದಿನಿಂದ ಯಾರೋ "ಇದ್ಯಾವ ಹೊಸಾ ಕಟ್ಟು?" ಎಂದು ಗೊಣಗಿದರು.  ಅಜ್ಜ ಹಿಡಿಕೆಗೆ ಎಲೆಯನ್ನು ಮತ್ತೆ ಕಟ್ಟಿದ. 

ಮಂದಿ ಎದ್ದು ದಿಕ್ಕುದಿಕ್ಕಿಗೆ ಗಾಡಿ ಹುಡುಕಲು ಚದುರಿದರು. ಬಾಳವ್ವ ನನ್ನನ್ನು ತಬ್ಬಿಕೊಂಡು ಅತ್ತಳು. ಅಳುತ್ತಲೇ, "ಬಲಗಾಲು ಅಂತ ನಾ ಯಾವಾಗ ಹೇಳಿದ್ನೇ?" ಎಂದು ಗದರಿದಳು. ರುದ್ರವ್ವ ಮಾತ್ರ ನನ್ನ ಕಡೆ ತಿರುಗಿ ನೋಡದೆ ಗಂಡನ ಹತ್ತಿರ ಹೋದಳು. ಅವನ ಮೂರು ಗಾಲಿಯ ಗಾಡಿ ಇಷ್ಟು ಹೊತ್ತಿಗೆ ಎಲ್ಲಿಗೆ ಹೋಗಿತ್ತೋ. ಅವನು ಬಡಿಗೆ ಊರಿ ಎದ್ದ. ಇಬ್ಬರೂ ಕುಂಬಾರ ಓಣಿಯ ಕಡೆ ಹೊರಟರು. ಬಡಿಗೆಯ ಟಕ್ ಟಕ್ ಸದ್ದು ಕಲ್ಲಿನಿಂದ ಮಣ್ಣಿಗಿಳಿದು ಮಂದವಾಯಿತು.

ನಾನು ಸ್ಕೂಟರನ್ನು ಅವರ ಮುಂದೆ ತಂದು ನಿಲ್ಲಿಸಿದೆ. "ಅಣ್ಣಾರ, ಹತ್ತರಿ. ನಿಮ್ಮ ಗಾಡಿ ಸಿಗೂತನಕ ಬಿಡತೀನಿ."

"ನಿನ್ನ ಎದಿ ತಂಗಿ?"

"ಗಾಡಿ ಓಡೂದು ಪೆಟ್ರೋಲಿನ ಮ್ಯಾಲ ಅಣ್ಣ."

ರುದ್ರವ್ವ ಅವನನ್ನು ಎತ್ತಿ ಕೂರಿಸಿದಳು. ಬಡಿಗೆಯನ್ನು ತಾನೇ ಹಿಡಿದುಕೊಂಡಳು. "ಇವಗ ಜಾಗಾ ಸಿಗಲಿಲ್ಲನ್ನೂ ನನ್ನ ಸಿಟ್ಟು ಹೋಗಿಲ್ಲ ಮತ್ತ" ಎಂದಳು ನನಗೆ. "ಮುಂದಿನ ಸಂತಿಗೂ ಇರತೈತಿ. ಹೋಗ್ರಿ, ನಾ ಹಿಂದಿನಿಂದ ಬರತೀನಿ."

ಮಬ್ಬುಗತ್ತಲಲ್ಲಿ ಮೆಲ್ಲಗೆ ಓಡಿಸಿದೆ. ದಾರಿಯ ಎರಡೂ ಬದಿಗೆ ಜನ ಗಾಡಿ ಹುಡುಕುತ್ತಾ ನಡೆಯುತ್ತಿದ್ದರು. ಸಿದ್ಲಿಂಗಪ್ಪ ಚಳಿಗೆಂದು ಹೊದಿಕೆಯನ್ನು ಸೊಂಟದಿಂದ ಕೆಳಗೆ ಇಳಿಬಿಟ್ಟುಕೊಂಡಿದ್ದ. ನಮ್ಮನ್ನು ದಾಟುವಾಗ ಯಾರೋ ಗೊಣಗಿದರು, "ಇಬ್ರೂ ಗುಂಡಕಲ್ಲಿನಂಗ ಅದಾರ, ಗಾಡಿ ಮ್ಯಾಲ ಮೆರವಣಿಗಿ ನೋಡು."

"ಕೇಳಿದೇನು ತಂಗಿ?" ಎಂದ ಸಿದ್ಲಿಂಗಪ್ಪ. "ಕಾಲು ಹ್ವಾದ ಮ್ಯಾಲ ಇವತ್ತ ಮದಲ ಸಲ ನನ್ನ ಗುಂಡಕಲ್ಲು ಅಂದ್ರು."

ನನಗೆ ನಗು ಬಂತು. ನಕ್ಕದ್ದೇ ತಡ, ಉಸಿರು ಅರ್ಧಕ್ಕೆ ಸಿಕ್ಕಿಕೊಂಡಿತು. ಹುಣಸೆತೋಪಿನ ಹತ್ತಿರ ಗಾಡಿ ನಿಲ್ಲಿಸಿ ಹಿಡಿಕೆಯ ಮೇಲೆ ಬಗ್ಗಿದೆ. ಎದೆ ಮತ್ತೆ ಒದ್ದಾಡತೊಡಗಿತ್ತು, ಮುಂದಿನ ಸಂತೆ ಏನಾದೀತು ಎಂಬ ಹೆದರಿಕೆಯೂ ಅದರ ಜೊತೆಗೇ ಒದ್ದಾಡುತ್ತಿತ್ತು.  ಸಿದ್ಲಿಂಗಪ್ಪ ಹಿಂದೆ ಕೂತು ಕಾದ. ಅವನ ಗಾಡಿ ಎಲ್ಲೋ ಕತ್ತಲಲ್ಲಿ ದೂರ ದೂರ ಸರಿಯುತ್ತಲೇ ಇತ್ತು.